ಅನಿವಾಸಿಗಳ ಸೌಹಾರ್ದ ಬಳಗ: ಕೆಲಸ ಸರದಿಯಂತೆ ಕಡ್ಡಾಯವಾಗಬೇಕೇ?

ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್ ದೇಶಗಳಿಗೆ ಹೋದವರು ಜಾತಿ, ಧರ್ಮ, ಭಾಷೆಗಳ ಹೆಸರಿನಲ್ಲಿ ಸಂಘ ಕಟ್ಟಿಕೊಂಡಿರುವುದು ಎಲ್ಲರಿಗೂ ಗೊತ್ತು. ಇವುಗಳ ನಡುವೆಯೇ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುವವರು ಒಟ್ಟು ಸೇರಿ ಊರಿನ ಶಾಂತಿಗಾಗಿ ದುಡಿಯುವ ಸಣ್ಣ ಬಳಗಗಳೂ ಇವೆ. ಸಂಬಳವೂ ಕಚೇರಿಯೂ ಇಲ್ಲದ ಇಂಥ ಬಳಗಗಳು ವರ್ಷದ ಕಾರ್ಯಕ್ರಮಗಳನ್ನು ಮೊದಲೇ ಗೊತ್ತುಮಾಡಿ, ಪ್ರತಿ ಸದಸ್ಯರಿಗೂ ಸರದಿಯಂತೆ ಕೆಲಸ ಕಡ್ಡಾಯ ಮಾಡಬೇಕೇ, ಇಲ್ಲವೇ ಆದವರು ಆದಷ್ಟು ಮಾಡಲಿ ಎಂದು ಬಿಡಬೇಕೇ?

ಪರ: ಸರದಿ ಬೇಕು, ಕಡ್ಡಾಯವಾಗಿಯೇ ಬೇಕು

ಹೆಸರು ಹಿಡಿದು ಕೆಲಸ ಒಪ್ಪಿಸದ ಬಳಗದಲ್ಲಿ ಎಲ್ಲವೂ ಮೂರು ನಾಲ್ಕು ಜನರ ಹೆಗಲಿಗೆ ಬೀಳುತ್ತದೆ. ಸಭಾಂಗಣ ಗೊತ್ತುಮಾಡುವವರು, ಅತಿಥಿಗಳನ್ನು ಕರೆಯುವವರು, ಲೆಕ್ಕ ಬರೆಯುವವರು ಅವರೇ. ಕೊನೆಯಲ್ಲಿ ಕುರ್ಚಿ ಮಡಚಿ ಪಾತ್ರೆ ತೊಳೆಯಲು ನಿಲ್ಲುವವರೂ ಅವರೇ. ಗಲ್ಫ್‌ನಲ್ಲಿ ಇದರ ಅಪಾಯ ಊರಿನಲ್ಲಿರುವುದಕ್ಕಿಂತ ದೊಡ್ಡದು, ಏಕೆಂದರೆ ಅಲ್ಲಿನ ವಾಸ ಕೆಲಸದ ವೀಸಾಕ್ಕೆ ಕಟ್ಟುಬಿದ್ದಿದೆ. ಕಂಪನಿ ಕೈಬಿಟ್ಟರೆ, ಬೇರೆ ಕೆಲಸ ಸಿಗದವರು ಕೆಲವೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಬಂದಿಳಿಯಬೇಕಾಗುತ್ತದೆ. ಎಲ್ಲ ತಿಳಿದಿದ್ದ ಒಬ್ಬರು ಹೀಗೆ ಹೊರಟುಬಿಟ್ಟರೆ, ಯಾವ ಕ್ಲಬ್ಬಿನಲ್ಲಿ ಯಾರನ್ನು ಕೇಳಬೇಕು, ಮುಂಗಡ ಎಲ್ಲೆಲ್ಲಿ ಕೊಟ್ಟಾಗಿದೆ ಎಂಬುದೂ ಅವರೊಂದಿಗೇ ಹೋಗುತ್ತದೆ. ಈ ವರ್ಷ ಮಾಡುವವರ ಜೊತೆಗೆ ಮುಂದಿನ ವರ್ಷ ಮಾಡಬೇಕಾದವರನ್ನೂ ಈಗಲೇ ಕೂರಿಸುವ ಸರದಿ ಇದ್ದರೆ ಬಳಗ ಒಬ್ಬರ ವೀಸಾವನ್ನು ನಂಬಿಕೊಂಡು ಬದುಕಬೇಕಾಗಿಲ್ಲ.

ನಮ್ಮ ಕರಾವಳಿಗೆ ಸರದಿ ಹೊಸತೇನಲ್ಲ. ಉಡುಪಿಯ ಎಂಟು ಮಠಗಳು ಕೃಷ್ಣಪೂಜೆಯನ್ನು ಎರಡೆರಡು ವರ್ಷಕ್ಕೆ ವಹಿಸಿಕೊಳ್ಳುವ ಪರ್ಯಾಯ ಪದ್ಧತಿ ವಾದಿರಾಜರ ಕಾಲದಿಂದ ನಡೆದುಬಂದಿದೆ. ಪೀಠ ಏರುವುದಕ್ಕೆ ಎಷ್ಟೋ ಮೊದಲೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು ನಡೆಯುತ್ತವೆ. ಮುಂದೆ ಬಡಿಸಬೇಕಾದ ಎಲೆಗೆ ಬಾಳೆಗಿಡ ಈಗಲೇ ನೆಡಬೇಕು ಎಂಬ ವಿವೇಕ ಅದರಲ್ಲಿದೆ.

ಮೊದಲೇ ಯೋಜಿಸದೆ ಬೇರೆ ಬೇರೆ ದೇಶಗಳಲ್ಲಿ ಹರಡಿರುವವರು ಒಟ್ಟು ಕೂರುವುದೇ ಕಷ್ಟ. 2022ರ ಜನವರಿಯಿಂದ ಯುಎಇಯಲ್ಲಿ ವಾರದ ರಜೆ ಶನಿವಾರ, ಭಾನುವಾರ. ಕುವೈತ್, ಕತಾರ್, ಬಹರೈನ್, ಒಮಾನ್, ಸೌದಿಗಳಲ್ಲಿ ಶುಕ್ರವಾರ, ಶನಿವಾರ. ಎಲ್ಲರಿಗೂ ಬಿಡುವು ಸಿಗಬಹುದಾದ ದಿನ ಶನಿವಾರವೊಂದೇ. ಆ ದಿನ ಮಂಗಳೂರಿನಲ್ಲಿ ರಾತ್ರಿ ಎಂಟಾದಾಗ ದುಬೈಯಲ್ಲಿ ಆರೂವರೆ, ಕುವೈತ್‌ನಲ್ಲಿ ಐದೂವರೆ.

ಕಾನೂನಿನ ವಿಷಯವೂ ಹಾಗೆಯೇ. ಯುಎಇಯಲ್ಲಿ ಪರವಾನಗಿ ಇಲ್ಲದೆ ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸುವುದು 2021ರ ಕಾಯ್ದೆಯ ಪ್ರಕಾರ ಅಪರಾಧ. ಇತ್ತ ಭಾರತದಲ್ಲಿ, ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣವನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ವಿದೇಶಿ ಪೌರತ್ವ ಪಡೆದವರ ಹಣವನ್ನು, ಅವರ ಬಳಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಎಂದೇ ಎಣಿಸುತ್ತದೆ. ಇಷ್ಟು ತಿಳಿಯದವರು ಕೊನೆ ಗಳಿಗೆಯಲ್ಲಿ ಉತ್ಸಾಹದಿಂದ ಹಣ ಒಟ್ಟುಮಾಡಿದರೆ ತೊಂದರೆಗೆ ಸಿಕ್ಕಿಕೊಳ್ಳುವುದು ಇಡೀ ಬಳಗ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅಡುಗೆಮನೆ ಮತ್ತು ವೇದಿಕೆಯ ಪ್ರಶ್ನೆ. ಹೊಣೆ ಹಂಚದ ಬಳಗದಲ್ಲಿ ಇಫ್ತಾರ್ ಕೂಟದ ಕೆಲಸ ಮುಸ್ಲಿಮರು, ದೀಪಾವಳಿಯದು ಹಿಂದೂಗಳು, ಕ್ರಿಸ್‌ಮಸ್ಸಿನದು ಕ್ರೈಸ್ತರು ಮಾಡುತ್ತಾರೆ. ಉಳಿದವರು ಹೊತ್ತಿಗೆ ಸರಿಯಾಗಿ ಬಂದು ಉಂಡು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಹತ್ತು ವರ್ಷ ಕಳೆದರೂ ಇವರು ಒಬ್ಬರಿಗೊಬ್ಬರು ಅತಿಥಿಗಳೇ. ಮೂರೂ ಕಡೆ ಬೇಯಿಸುವುದು ಹೆಂಗಸರು, ಮೈಕ್ ಹಿಡಿಯುವುದು ಗಂಡಸರು ಎಂಬುದನ್ನೂ ಹೇಳಲೇಬೇಕು. ಸರದಿ ಕಡ್ಡಾಯವಾದಾಗ ಇಫ್ತಾರಿಗೆ ಹಣ್ಣು ಹೆಚ್ಚಲು ಕಾಪುವಿನ ಹುಡುಗ ಕೂರುತ್ತಾನೆ, ಗೂಡುದೀಪಕ್ಕೆ ಬಣ್ಣದ ಕಾಗದ ಅಂಟಿಸಲು ಉಳ್ಳಾಲದ ಬ್ಯಾರಿ ಮನೆಯವರು ಬರುತ್ತಾರೆ, ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್‌ಗೆ ನೆವ್ರಿ (ಕರಿಗಡುಬು) ಮಡಚುವ ಮೇಜಿನ ಸುತ್ತ ಮೂರು ಧರ್ಮದ ಕೈಗಳಿರುತ್ತವೆ. ನೆವ್ರಿಯ ಅಂಚು ಬಿಡದಂತೆ ಒತ್ತುವುದು ಹೇಗೆಂದು ಹೇಳಿಕೊಡುವಾಗ, ಸಸ್ಯಾಹಾರದ ಪಾತ್ರೆ ಯಾಕೆ ಬೇರೆ, ಹಲಾಲ್ ಅಂದರೇನು ಎಂಬ ಪ್ರಶ್ನೆಗಳೂ ಅಳುಕಿಲ್ಲದೆ ಹೊರಬರುತ್ತವೆ. ಭಾಷಣದಿಂದ ಆಗದ ಕೆಲಸ ಅಲ್ಲಿ ಆಗುತ್ತದೆ, ಅದನ್ನು ಅವರವರ ಮನಸ್ಸಿಗೆ ಬಿಟ್ಟರೆ ಎಲ್ಲರೂ ತಮಗೆ ಗೊತ್ತಿರುವ ಅಡುಗೆಮನೆಗೇ ಹೋಗುತ್ತಾರೆ.

ವಿರೋಧ: ಸರದಿಯ ಪಟ್ಟಿ ಬಡವರನ್ನು ಹೊರಗಿಡುತ್ತದೆ

ಪರ್ಯಾಯದ ಉದಾಹರಣೆ ಚೆನ್ನಾಗಿದೆ. ಆದರೆ ಪರ್ಯಾಯ ಮಠದಲ್ಲಿ ಪೂರ್ಣಾವಧಿ ದುಡಿಯುವವರಿದ್ದಾರೆ, ಸೌಹಾರ್ದ ಬಳಗದಲ್ಲಿರುವವರು ಬೇರೆ ಕಡೆ ದುಡಿದು ದಣಿದು ಬಂದವರು. ಅವರ ದಣಿವೂ ಒಂದೇ ಅಳತೆಯದಲ್ಲ. ಬ್ಯಾಂಕಿನ ಮ್ಯಾನೇಜರಿಗೆ ಸಂಜೆ ಬಿಡುವಿದೆ, ಕಾರಿದೆ, ಮನೆಯವರು ಜೊತೆಗಿದ್ದಾರೆ. ಅದೇ ಬಳಗದಲ್ಲಿ ಕುವೈತ್‌ನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಶಿರ್ವದ ನರ್ಸ್ ಇದ್ದಾರೆ, ಕರೆ ಬಂದಾಗ ಹೊರಡಬೇಕಾದ ಮನೆ ಚಾಲಕರಿದ್ದಾರೆ, ಕಟ್ಟಡ ಕೆಲಸಕ್ಕೆ ಕ್ಯಾಂಪಿನಿಂದ ಬಸ್ಸಿನಲ್ಲಿ ಹೋಗಿಬರುವವರಿದ್ದಾರೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಆದರೆ ಆ ಬಿಡುವಿನ ಲೆಕ್ಕ ತುಂಬಲು ಅವರ ದಿನ ಬೆಳಗಿನ ಜಾವಕ್ಕೇ ಶುರುವಾಗಿ ಸಂಜೆಯವರೆಗೆ ಚಾಚಿಕೊಳ್ಳಬಹುದು. ಇವರೆಲ್ಲರಿಗೂ ಒಂದೇ ಸರದಿ ಎಂದರೆ ಕಾಗದದ ಮೇಲೆ ಸಮಾನತೆ ಕಾಣುತ್ತದೆ, ಅಷ್ಟೆ. ಸರದಿ ತಪ್ಪಿದವರು ಮುಂದಿನ ಸಭೆಗೆ ಬರಲು ನಾಚುತ್ತಾರೆ. ಎರಡು ಸಲ ತಪ್ಪಿದವರು ಗುಂಪಿನ ಸಂದೇಶಗಳಿಗೆ ಉತ್ತರಿಸುವುದನ್ನೇ ಬಿಡುತ್ತಾರೆ. ಕೊನೆಗೆ ಉಳಿಯುವುದು ಅನುಕೂಲಸ್ಥರ ಬಳಗ. ಊರಿನಲ್ಲಿ ಗಲಭೆಯಾದಾಗ ಮೊದಲು ಪೆಟ್ಟು ತಿನ್ನುವುದು ಯಾರ ಮನೆಗಳೋ ಆ ಮನೆಗಳವರೇ ಅದರಲ್ಲಿರುವುದಿಲ್ಲ. ನನಗೆ ಇದು ಸಣ್ಣ ನಷ್ಟವಾಗಿ ಕಾಣುವುದಿಲ್ಲ.

ವರ್ಷದ ಯೋಜನೆಯ ಬಗ್ಗೆಯೂ ನನಗೆ ಅನುಮಾನವಿದೆ. ವಿಶ್ವಸಂಸ್ಥೆಯ ಶಾಂತಿ ದಿನ ಸೆಪ್ಟೆಂಬರ್ 21 ಎಂದು ಜನವರಿಯಲ್ಲೇ ಬರೆದಿಡುವುದು ಸುಲಭ; 2025ರಲ್ಲಿ ಆ ದಿನ ಮಹಾಲಯ ಅಮಾವಾಸ್ಯೆ, ಮರುದಿನವೇ ನವರಾತ್ರಿ. ಪಿತೃಕಾರ್ಯಕ್ಕೆ ಕೂತ ಮನೆಗಳವರನ್ನು ಮಂಗಳೂರಿನ ಪುರಭವನದ ಕಾರ್ಯಕ್ರಮಕ್ಕೆ ಕರೆಯುವುದು ಹೇಗೆ? ಯೋಜನೆ ದುಬೈಯಲ್ಲಿ ಆಗುತ್ತದೆ, ಅದನ್ನು ನಡೆಸುವ ಭಾರ ಮಂಗಳೂರಿನಲ್ಲಿರುವವರ ಮೇಲೆ ಬೀಳುತ್ತದೆ. ಧ್ವನಿವರ್ಧಕದ ಅನುಮತಿಗೆ ಠಾಣೆಗೆ ಅಲೆಯುವವರು, ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ಕಾಯುವವರು ಊರಿನಲ್ಲಿರುವ ಆ ನಾಲ್ಕೇ ಜನ. ಊರು ಬಿಸಿಯಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163ರಂತೆ ನಿಷೇಧಾಜ್ಞೆ ಬಂದರೆ ಎಲ್ಲ ಸಿದ್ಧತೆಯೂ ನೀರುಪಾಲು.

ಬಳಗದ ನಿಜವಾದ ಅಗತ್ಯ ಬೀಳುವುದು ಅಂಥ ದಿನಗಳಲ್ಲೇ. ಎಲ್ಲೋ ಬೇರೆ ರಾಜ್ಯದಲ್ಲಿ ನಡೆದ ಹೊಡೆದಾಟದ ವಿಡಿಯೊ ಬಂಟ್ವಾಳದ್ದೆಂದು ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಲು ಶುರುವಾದರೆ, ಯಾರ ಸರದಿ ಎಂದು ಪಟ್ಟಿ ನೋಡುತ್ತ ಕೂರಲಾಗದು. ಆ ಊರಿನ ಭಜನಾ ಮಂದಿರದವರ ಪರಿಚಯ ಯಾರಿಗಿದೆಯೋ ಅವರು ಅಲ್ಲಿಗೆ, ಮಸೀದಿ ಕಮಿಟಿಯವರ ಪರಿಚಯವಿರುವವರು ಇಲ್ಲಿಗೆ ಫೋನ್ ಮಾಡಬೇಕು. ದೋಹಾದಲ್ಲಿರುವ ಹಳೆಯ ಸಹಪಾಠಿಯ ಮಾತಿಗೆ ಆ ಹೊತ್ತಿನಲ್ಲಿ ಪೊಲೀಸ್ ಪ್ರಕಟಣೆಗಿಂತ ಹೆಚ್ಚು ಬೆಲೆಯಿರುತ್ತದೆ. ಈ ಕೆಲಸಕ್ಕೆ ಬೇಕಾದ ನಂಬಿಕೆಯನ್ನು ಸರದಿಯಿಂದ ಹಂಚಲು ಬರುವುದಿಲ್ಲ, ಅದು ವರ್ಷಗಳಿಂದ ಬೆಳೆದ ಸ್ನೇಹ ಇರುವವರ ಬಳಿಯೇ ಇರುತ್ತದೆ. ಸರದಿ ಮುಗಿಸಿದ್ದೇನೆ, ನನ್ನ ಲೆಕ್ಕ ಚುಕ್ತಾ ಎಂಬ ಭಾವನೆ ಒಮ್ಮೆ ಬಂದರೆ, ಅಂಥ ರಾತ್ರಿ ಫೋನ್ ಎತ್ತುವ ಮನಸ್ಸು ಕಡಿಮೆಯಾಗುತ್ತದೆ.

ಅನುಮತಿ ಮತ್ತು ಲೆಕ್ಕಪತ್ರ ಇವೆರಡಕ್ಕೆ ಹೆಸರು ಹಿಡಿದು ಹೊಣೆ ಒಪ್ಪಿಸಬೇಕು, ಅದರಲ್ಲಿ ತಕರಾರಿಲ್ಲ. ಉಳಿದದ್ದಕ್ಕೆ ಮೂರು ತಿಂಗಳಿಗೊಮ್ಮೆ ಸೇರಿ, ಊರಿನವರು ಮೊದಲು ಮಾತಾಡಿ, ಆಮೇಲೆ ಪ್ರತಿಯೊಬ್ಬರನ್ನೂ “ಈ ಮೂರು ತಿಂಗಳಲ್ಲಿ ನಿಮ್ಮಿಂದ ಏನಾಗುತ್ತದೆ?” ಎಂದು ಕೇಳಿದರೆ ಸಾಕು. “ಈ ಸಲ ಏನೂ ಆಗುವುದಿಲ್ಲ” ಎಂಬ ಉತ್ತರವನ್ನೂ ಅಷ್ಟೇ ಗೌರವದಿಂದ ಬರೆದುಕೊಳ್ಳುವ ಬಳಗಕ್ಕೆ ರಾತ್ರಿ ಪಾಳಿಯವರೂ ಕ್ಯಾಂಪಿನವರೂ ಮುಜುಗರವಿಲ್ಲದೆ ಮರಳಿ ಬರಬಲ್ಲರು.