ಪ್ಸೂಖೆ ಎಂದರೆ ನಮ್ಮ 'ಆತ್ಮ' ಅಲ್ಲ

ಗ್ರೀಕರ ಆತ್ಮದ ಕಲ್ಪನೆ ಕುರಿತ ಲೇಖನವೊಂದರಲ್ಲಿ 'ಗ್ರೀಕರಿಗೆ ದೇಹ ಆತ್ಮದ ಸೆರೆಮನೆ' ಎಂದಿದೆ. ಪ್ಲೇಟೋನ 'ಫೀಡೋ' ಸಂವಾದಕ್ಕೆ ಈ ಮಾತು ಸರಿ, ಅರಿಸ್ಟಾಟಲನಿಗೆ ಖಂಡಿತ ಅಲ್ಲ. ತೊಡಕು ಶುರುವಾಗುವುದೇ ಅನುವಾದದಲ್ಲಿ. 'ಪ್ಸೂಖೆ' ಎಂಬ ಗ್ರೀಕ್ ಪದವನ್ನು 'ಆತ್ಮ' ಎಂದ ಕೂಡಲೇ ನಮಗೆ ವೇದಾಂತದ ನಿರ್ವಿಕಾರ ಆತ್ಮ ನೆನಪಾಗುತ್ತದೆ. ಅರಿಸ್ಟಾಟಲನ ಪ್ಸೂಖೆಯಾದರೋ ಗಿಡಕ್ಕೂ ಉಂಟು: ಆಹಾರ ಹೀರುವುದು, ಬೆಳೆಯುವುದು, ತನ್ನಂಥದನ್ನೇ ಹುಟ್ಟಿಸುವುದು. ಪ್ರಾಣಿಗೆ ಅದರ ಜೊತೆ ಇಂದ್ರಿಯಗ್ರಹಣ, ಮನುಷ್ಯನಿಗೆ ಇನ್ನೂ ಮೇಲೆ ಚಿಂತನೆ. 'ಜೀವ' ಎಂಬ ಮಾತೇ ಇದಕ್ಕೆ ಹತ್ತಿರ.

ಪ್ಸೂಖೆಯ ಬಗ್ಗೆ ಅರಿಸ್ಟಾಟಲ್ ಬರೆದ 'ದೆ ಆನಿಮಾ' ಗ್ರಂಥದ 2ನೇ ಪುಸ್ತಕದ ಮೊದಲ ಅಧ್ಯಾಯ ಓದಿದರೆ ಸಾಕು. ಕಣ್ಣೇ ಒಂದು ಪ್ರಾಣಿಯಾಗಿದ್ದರೆ ನೋಟವೇ ಅದರ ಪ್ಸೂಖೆ ಆಗುತ್ತಿತ್ತು ಎನ್ನುತ್ತಾನೆ. ನೋಟ ಹೋದ ಕಣ್ಣು ಕಲ್ಲಿನಲ್ಲಿ ಕೆತ್ತಿದ ಕಣ್ಣಿನಂತೆ, ಹೆಸರಿಗಷ್ಟೇ ಕಣ್ಣು. ಮೇಣವೂ ಅದರ ಮೇಲಿನ ಅಚ್ಚೂ ಒಂದೇನಾ ಎಂದು ಕೇಳಬೇಕಿಲ್ಲವಲ್ಲ, ದೇಹ-ಪ್ಸೂಖೆಯದೂ ಹಾಗೇ. 3ನೇ ಪುಸ್ತಕದ 5ನೇ ಅಧ್ಯಾಯದಲ್ಲಿ ಬರುವ 'ನೂಸ್' (ಬುದ್ಧಿ) ಮಾತ್ರ ಬೇರೆಯಾಗಿ ಉಳಿಯಬಲ್ಲದು. ಆ ಕೆಲವೇ ಸಾಲುಗಳ ಮೇಲೆ ಜಗಳ ಇಂದಿಗೂ ಮುಗಿದಿಲ್ಲ.

ಇನ್ನೊಂದು ತಪ್ಪು. ಲೈರ್ ಎಂಬ ತಂತಿವಾದ್ಯ ಮತ್ತು ಅದರ ಶ್ರುತಿಯ ಹೋಲಿಕೆಯನ್ನು ಲೇಖನ ಸಾಕ್ರಟೀಸನ ಬಾಯಲ್ಲಿಟ್ಟಿದೆ. ಅದು 'ಫೀಡೋ'ದಲ್ಲಿ ಸಾಕ್ರಟೀಸನೊಡನೆ ಚರ್ಚಿಸುವ ಸಿಮಿಯಾಸನ ಆಕ್ಷೇಪ: ವಾದ್ಯ ಒಡೆದರೆ ಶ್ರುತಿಯೂ ಹೋಗುತ್ತದೆ, ದೇಹ ಸತ್ತರೆ ಪ್ಸೂಖೆಯೂ ಹಾಗೇ ಅಲ್ಲವೇ? ಸಾಕ್ರಟೀಸ್ ಅದನ್ನು ಖಂಡಿಸುತ್ತಾನೆ. ಹುಟ್ಟುವ ಮೊದಲೇ ಪ್ಸೂಖೆ ಇತ್ತೆಂದು ಸಿಮಿಯಾಸ್ ಒಪ್ಪಿಯಾಗಿತ್ತು, ತಂತಿಗಿಂತ ಮೊದಲು ಶ್ರುತಿ ಇರಲಾರದು. ಶ್ರುತಿಯಲ್ಲಿ ಹೆಚ್ಚು ಕಡಿಮೆ ಉಂಟು, ಪ್ಸೂಖೆ ಆಗಿರುವುದರಲ್ಲಿ ಇಲ್ಲ. ನನಗೆ ಗಟ್ಟಿ ಎನಿಸುವುದು ಸಾಕ್ರಟೀಸನ ಮೂರನೆಯ ಉತ್ತರ: ಬಾಯಾರಿದಾಗಲೂ ಕುಡಿಯಬೇಡ ಎಂದು ಪ್ಸೂಖೆ ದೇಹವನ್ನು ತಡೆಯುತ್ತದೆ, ಶ್ರುತಿ ಎಂದೂ ತನ್ನ ತಂತಿಗೆ ಎದುರಾಡದು.