ಒಗ್ಗರಣೆ ಎಣ್ಣೆ ಕೆಂಪಾದ ಮಾತ್ರಕ್ಕೆ ಕಲಬೆರಕೆ ಅಲ್ಲ

"ಬ್ಯಾಡಗಿ ಮೆಣಸಿನಕಾಯಿ ಅಷ್ಟು ಕೆಂಪಗಿದ್ದೂ ಖಾರ ಯಾಕಿಲ್ಲ? ಬಣ್ಣ ಹಾಕಿರ್ತಾರ. ಒಗ್ಗರಣಿಗೆ ಹಾಕಿ ನೋಡ್ರಿ, ಎಣ್ಣಿ ಕೆಂಪಾಗ್ತದ" ಅನ್ನುವ ಸಂದೇಶ ಹಾವೇರಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕೆಂಪು ಬೇರೆ, ಖಾರ ಬೇರೆ. ಖಾರ ಕೊಡುವ ಕ್ಯಾಪ್ಸೈಸಿನ್ ಹೆಚ್ಚಾಗಿ ಇರುವುದು ಬೀಜ ಅಂಟಿಕೊಂಡ ಒಳಗಿನ ಬಿಳಿ ಭಾಗದಲ್ಲಿ. ಕೆಂಪು ಕೊಡುವುದು ಸಿಪ್ಪೆಯಲ್ಲಿರುವ ಕ್ಯಾಪ್ಸಾಂಥಿನ್. 2011ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಸಿಗುವ ಅಧಿಕೃತ ಗುರುತು) ಪಡೆದ ಈ ಸುಕ್ಕುಸುಕ್ಕು ಕಾಯಿಯಲ್ಲಿ ಮೊದಲನೆಯದು ಕಡಿಮೆ, ಎರಡನೆಯದು ಧಾರಾಳ. ಕ್ಯಾಪ್ಸಾಂಥಿನ್ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಎಣ್ಣೆ ಕೆಂಪಾಗಲೇಬೇಕು.

ಪುಡಿಯ ಮೇಲೆ ಅನುಮಾನವಿದ್ದರೆ ಗ್ಲಾಸ್ ನೀರಿನ ಮೇಲೆ ಚಿಟಿಕೆ ಉದುರಿಸಿ. ತಕ್ಷಣ ಬಣ್ಣದ ಗೆರೆಗಳು ಕೆಳಗಿಳಿದರೆ ನೀರಲ್ಲಿ ಕರಗುವ ಬಣ್ಣ ಸೇರಿದೆ. ಎಣ್ಣೆಯಲ್ಲಿ ಕರಗುವ ಕೃತಕ ಬಣ್ಣಕ್ಕೆ ಲ್ಯಾಬ್ ಪರೀಕ್ಷೆಯೇ ಬೇಕು.

ಕಾಯಿ ಒಣಗಿಸಿ ಮಾರುಕಟ್ಟೆಗೆ ತರುವ ರೈತರಿಗೆ ಇಂಥ ಮಾತು ಪೆಟ್ಟು ಕೊಡುತ್ತದೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.