ಆಲಮಟ್ಟಿಯ ಮಟ್ಟ ಗೊತ್ತು, ನಮ್ಮ ತೂಬಿನ ಮಟ್ಟ?

ಮಳೆಗಾಲ ಬಂತೆಂದರೆ ನಮ್ಮ ವಿಜಯಪುರ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಶುಭೋದಯಕ್ಕಿಂತ ಮೊದಲು ಬರುವುದು ಆಲಮಟ್ಟಿಯ ನೀರಿನ ಮಟ್ಟ. ಗರಿಷ್ಠ 519.60 ಮೀಟರ್, ಇಂದು ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್. ತುಂಬಿದರೆ 123 ಟಿಎಂಸಿ ಅಡಿ ಎಂಬುದು ಶಾಲೆಯ ಹುಡುಗರಿಗೂ ಬಾಯಿಪಾಠ.

ಆ ನೀರು ನಾರಾಯಣಪುರಕ್ಕೆ ಇಳಿದು, ಎಡದಂಡೆ ಕಾಲುವೆ ಹಿಡಿದು, ಇಂಡಿ ಶಾಖಾ ಕಾಲುವೆಗೆ ಹೊರಳಿ ನಮ್ಮ ಊರಿನ ತೂಬಿಗೆ ನಿನ್ನೆ ಎಷ್ಟು ಬಂತು ಎಂದು ಕೇಳಿ ನೋಡಿ. ಹೇಳುವವರು ಯಾರೂ ಇಲ್ಲ.

ಹೋದ ವರ್ಷ ಹಿಂಗಾರಿಯಲ್ಲಿ ಕಾಕಾನ ಜೊತೆ ವಿತರಣಾ ಕಾಲುವೆಯ ದಂಡೆ ಹಿಡಿದು ಹೋಗಿದ್ದೆ. ಸೇತುವೆಯ ಗೋಡೆಗೆ ಹಿಂದೆಂದೋ ಬರೆದ ಅಳತೆಪಟ್ಟಿ ಇದೆ. ಅಂಕಿಗಳೆಲ್ಲ ಅಳಿಸಿ 3 ಒಂದೇ ಉಳಿದಿದೆ, ಅದೂ ಅರ್ಧ. ನೀರು ಅದರಿಂದ ಎಷ್ಟೋ ಕೆಳಗಿತ್ತು. ಕಾಕಾ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ನೀರಿದ್ದ ಮಟ್ಟಕ್ಕೆ ಬೆರಳಿನಿಂದ ಒಂದು ಗೆರೆ ಎಳೆದ. ಸಂಜೆ ಬಂದು ನೋಡಿದರೆ ಗೆರೆಯ ಕೆಳಗೆ ಒಂದು ಗೇಣು ಕಲ್ಲು ಒಣಗಿತ್ತು.

ಮರುದಿನ ನೀರಾವರಿ ಕಚೇರಿಗೆ ಹೋದೆವು. ವಹಿಯಲ್ಲಿ ಆ ದಿನದ ಎದುರು "ನೀರು ಹರಿಸಲಾಗಿದೆ" ಎಂದಿತ್ತು. ಸುಳ್ಳೇನಲ್ಲ, ಮೇಲಿನ ಗೇಟಿನಿಂದ ಹರಿಸಿದ್ದು ನಿಜವೇ. "ಸಾಹೇಬರೇ, ಬಿಟ್ಟದ್ದನ್ನು ಬರೆದಿದ್ದೀರಿ. ಮುಟ್ಟಿದ್ದನ್ನು ಎಲ್ಲಿ ಬರೆಯುತ್ತೀರಿ?" ಎಂದು ಕಾಕಾ ಕೇಳಿದ. ಆ ವಹಿಯಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ.

ಒಂದು ಕ್ಯುಸೆಕ್ ನೀರು ಇಡೀ ದಿನ ಹರಿದರೆ 24 ಲಕ್ಷ ಲೀಟರ್‌ಗೂ ಹೆಚ್ಚು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 240 ಟ್ಯಾಂಕರ್ ದಾಟುತ್ತದೆ. ಬೇಸಿಗೆಯಲ್ಲಿ ಲಿಂಬೆ ಗಿಡ ಉಳಿಸಿಕೊಳ್ಳಲು ಟ್ಯಾಂಕರಿಗೆ ದುಡ್ಡು ಎಣಿಸಿದವರಿಗೆ ಈ ಲೆಕ್ಕ ಬೇಗ ತಲೆಗೆ ಹೋಗುತ್ತದೆ.

ಎಡದಂಡೆ ಕಾಲುವೆಯ ಆಧುನೀಕರಣವನ್ನು 2023ರ ಜನವರಿಯಲ್ಲಿ ಪ್ರಧಾನಿಯವರೇ ಕೊಡೇಕಲ್‌ಗೆ ಬಂದು ಉದ್ಘಾಟಿಸಿದರು. ಕಂಪ್ಯೂಟರಿನಿಂದಲೇ ಗೇಟು ಏರಿಸಿ ಇಳಿಸುವ ಸ್ಕಾಡಾ ವ್ಯವಸ್ಥೆ ಅಲ್ಲಿದೆ. ಬೇಡವೆನ್ನುವುದಿಲ್ಲ. ಆದರೆ ಗೇಟು ದಾಟಿದ ಮೇಲೆ ಕಾಲುವೆಗೆ ಇಳಿಬಿಟ್ಟ ಪೈಪು ಅದಕ್ಕೆ ಕಾಣಿಸುವುದೇ? 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಕಾಲುವೆ ನೀರು ಕದಿಯುವವರ ಶಿಕ್ಷೆ ಹೆಚ್ಚಿಸಿದರು. ಕದ್ದದ್ದು ಎಷ್ಟೆನ್ನಲು ಇದ್ದದ್ದು ಎಷ್ಟೆಂದು ಗೊತ್ತಿರಬೇಕಲ್ಲ.

ಕಾಲುವೆಯ ಮೇಲ್ಭಾಗದ ರೈತರನ್ನೇ ಬೈದು ಕೂರಲು ನನಗೆ ಬಾಯಿಲ್ಲ. ನನ್ನ ಹೆಂಡತಿಯ ತವರೂ ಅಲ್ಲೇ ಇದೆ. ಮಾವನವರ ಕಬ್ಬಿನಲ್ಲಿ ನಿಂತ ನೀರು ನೋಡಿದರೆ ಹೊಟ್ಟೆ ಉರಿಯುತ್ತದೆ, ಹೋಳಿಗೆ ಮಾತ್ರ ಸಲೀಸಾಗಿ ಇಳಿಯುತ್ತದೆ. "ಮುಂದಿನ ಪಾಳಿ ಯಾವಾಗಲೋ ಏನೋ, ಬಂದಾಗ ಎರಡು ಪಟ್ಟು ಹಾಯಿಸಿಕೊಳ್ಳುವುದೇ ಅಳಿಯಂದಿರೇ" ಎನ್ನುತ್ತಾರೆ. ನೀರಿನ ಕರವೂ ಎಕರೆಗೆ, ಬೆಳೆಗೆ ಇಷ್ಟೆಂದು. ಎಷ್ಟು ಹಾಯಿಸಿಕೊಂಡಿರಿ ಎಂದು ಅವರನ್ನು ಕೇಳುವವರಾರು?

ಪ್ರತಿ ವಿತರಣಾ ಕಾಲುವೆಯ ತಲೆ, ನಡು, ಕೊನೆ ಮೂರೂ ಕಡೆ ಅಳತೆಪಟ್ಟಿ ಬರೆಸಿ. ದಿನಕ್ಕೆರಡು ಸಲ ಓದಿ, ಮೂರನ್ನೂ ಅಕ್ಕಪಕ್ಕ ಪಂಚಾಯಿತಿಯ ಹಲಗೆಯ ಮೇಲೆ ಹಾಕಿ. ನಡುವೆ ಎಲ್ಲಿ ಸೋರಿತು ಎಂಬುದನ್ನು ಊರೇ ಹುಡುಕುತ್ತದೆ. ಬಣ್ಣ, ಬ್ರಷ್ ನಾವೇ ತರುತ್ತೇವೆ. ಕಾಕಾನ ಸುಣ್ಣದ ಗೆರೆ ಮೊದಲ ಮಳೆಗೇ ತೊಳೆದುಹೋಯಿತು.